ಪ್ರಾಕ್ಸ್‌ಮಾಕ್ಸ್ ಕ್ಲಸ್ಟರಿಗೆ ಬೇರೆಯೇ ನೆಟ್‌ವರ್ಕ್ ಹಾಕಿಕೊಳ್ಳುವುದು ಹೇಗೆ

ರಾತ್ರಿ ಎರಡೂಕಾಲಿಗೆ ವಾಚ್‌ಮನ್ ಫೋನ್ ಮಾಡಿದರು. "ಸಾರ್, ನಿಮ್ ಸರ್ವರ್ ರೂಮಲ್ಲಿ ಫ್ಯಾನೆಲ್ಲಾ ಒಟ್ಟಿಗೇ ಕೂಗ್ಕೊಳ್ತಾ ಇದಾವೆ." ಸರ್ವರ್ ಆನ್ ಆಗುವಾಗ ಫ್ಯಾನ್‌ಗಳು ಒಂದರ್ಧ ನಿಮಿಷ ಹೇಗೆ ಸದ್ದು ಮಾಡುತ್ತವೆ ಅಂತ ಕೇಳಿದವರಿಗೆ ಗೊತ್ತು. ಆ ಸದ್ದು ಮೂರೂ ಮಷೀನಿನಿಂದ ಒಟ್ಟಿಗೆ ಬಂದಿದೆ ಅಂದರೆ ಮೂರೂ ರೀಬೂಟ್ ಆಗಿವೆ. ಕರೆಂಟ್ ಹೋಗಿರಲಿಲ್ಲ. ಯಾರೂ ಏನನ್ನೂ ಮುಟ್ಟಿರಲಿಲ್ಲ.

ಹಾಸನದಲ್ಲಿ ನಮ್ಮದು ಸಣ್ಣ ಆಫೀಸು. ಮೂರು ಸರ್ವರ್, ಮೂರರಲ್ಲೂ ಪ್ರಾಕ್ಸ್‌ಮಾಕ್ಸ್, ಅಂದರೆ ಒಂದೇ ಸರ್ವರಿನೊಳಗೆ ಹಲವು ವರ್ಚುವಲ್ ಮಷೀನ್ (ವಿಎಂ) ಓಡಿಸುವ ಸಾಫ್ಟ್‌ವೇರ್. ಮೂರನ್ನೂ ಸೇರಿಸಿ ಕಟ್ಟಿದ ಗುಂಪೇ ಕ್ಲಸ್ಟರ್, ಅದರಲ್ಲಿ ಒಂದೊಂದು ಸರ್ವರ್ ಒಂದೊಂದು ನೋಡ್. ಅದರ ಮೇಲೆ ಬಿಲ್ಲಿಂಗ್, ಫೈಲ್ ಸರ್ವರ್, ಹಾಜರಾತಿ ಮಷೀನಿನ ಡೇಟಾಬೇಸ್, ಇನ್ನೂ ಏಳೆಂಟು ಸಣ್ಣಪುಟ್ಟ ವಿಎಂಗಳು. ಒಂದು ಮಷೀನ್ ಕೈಕೊಟ್ಟರೆ ಅದರ ವಿಎಂಗಳು ಇನ್ನೊಂದರಲ್ಲಿ ಎದ್ದು ಕೂರಲಿ ಅಂತ ಹೈ ಅವೈಲಬಿಲಿಟಿ, ಅಂದರೆ ಎಚ್‌ಎ, ಆನ್ ಮಾಡಿಟ್ಟಿದ್ದೆ. ಆದದ್ದೇ ಬೇರೆ. ಒಂದೂ ಕೆಟ್ಟಿರಲಿಲ್ಲ, ಆದರೂ ಮೂರೂ ಒಟ್ಟಿಗೆ ಬಿದ್ದು ಎದ್ದವು.

ತಪ್ಪು ನನ್ನದೇ. ಪ್ರತಿ ಸರ್ವರಿನಲ್ಲೂ ಎರಡೆರಡು ಪೋರ್ಟ್ ಇದ್ದರೂ ಒಂದೊಂದೇ ಕೇಬಲ್ ಎಳೆದು, ಆಫೀಸಿನ ಸ್ವಿಚ್ಚಿಗೇ ಚುಚ್ಚಿ, ಎಲ್ಲವನ್ನೂ ಅದರ ಮೇಲೆಯೇ ಓಡಿಸುತ್ತಿದ್ದೆ. ಸಾಲದ್ದಕ್ಕೆ ಬ್ಯಾಕಪ್ ಸರ್ವರನ್ನೂ ಮೂರನೇ ನೋಡ್‌ನೊಳಗೆ ಒಂದು ವಿಎಂ ಮಾಡಿ ಇಟ್ಟಿದ್ದೆ (ಇದನ್ನಂತೂ ಯಾರೂ ಮಾಡಬೇಡಿ). ರಾತ್ರಿ ಎರಡಕ್ಕೆ ಬ್ಯಾಕಪ್ ಶುರು, ಅದೇ ಹೊತ್ತಿಗೆ ನೋಡ್‌ಗಳ ನಡುವೆ ಡಿಸ್ಕ್ ರೆಪ್ಲಿಕೇಶನ್ (ವಿಎಂ ಡಿಸ್ಕಿನ ನಕಲು ಕಳಿಸುವುದು) ಕೂಡ. ಒಂದು ಗಿಗಾಬಿಟ್ ಲೈನು ಬಾಯಿವರೆಗೆ ತುಂಬಿ ಹೋಯಿತು. ನೋಡ್‌ಗಳು ಒಂದಕ್ಕೊಂದು "ಇದ್ದೀಯಾ?" "ಇದ್ದೀನಿ" ಅಂತ ಹೇಳಿಕೊಳ್ಳುವುದಕ್ಕೆ ಜಾಗವೇ ಉಳಿಯಲಿಲ್ಲ.

ಆಮೇಲೆ ಕೂತು ಬೇರೆ ನೆಟ್‌ವರ್ಕ್ ಹಾಕಿದೆ. ಕೆಲಸ ಒಂದು ಮಧ್ಯಾಹ್ನದ್ದು. ನಿಮ್ಮದೂ ಎರಡು-ಮೂರು ನೋಡ್‌ನ ಸಣ್ಣ ಕ್ಲಸ್ಟರ್ ಆಗಿದ್ದರೆ ಇದನ್ನು ಓದಿಕೊಂಡು ಮಾಡಬಹುದು. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆಯೇ ಬರೆದಿದ್ದೇನೆ, ನಾವು ದಿನಾ ಒಬ್ಬರಿಗೊಬ್ಬರು ಹಾಗೇ ತಾನೆ ಹೇಳಿಕೊಡುವುದು.

ಮೊದಲು, ಯಾಕೆ ಬಿತ್ತು ಅಂತ

ನೋಡ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಪ್ರಾಕ್ಸ್‌ಮಾಕ್ಸ್ ಬಳಸುವುದು ಕೊರೊಸಿಂಕ್ ಅನ್ನುವ ಸಾಫ್ಟ್‌ವೇರ್. ಒಂದು ಟೋಕನ್ ನೋಡ್‌ನಿಂದ ನೋಡ್‌ಗೆ ಸುತ್ತುತ್ತಲೇ ಇರುತ್ತದೆ. ಅದು ಹೊತ್ತಿಗೆ ಸರಿಯಾಗಿ ಬಂದರೆ ಎಲ್ಲರೂ ಇದ್ದಾರೆ ಅಂತ ಲೆಕ್ಕ. ಬರದಿದ್ದರೆ ಯಾರೋ ಹೋದರು ಅಂತ ಲೆಕ್ಕ, ಇದ್ದವರನ್ನು ಸೇರಿಸಿಕೊಂಡು ಹೊಸದಾಗಿ ಗುಂಪು ಕಟ್ಟಲು ಶುರು. ಈಗಿನ ಕೊರೊಸಿಂಕ್‌ನಲ್ಲಿ ಕಾಯುವ ಸಮಯ 3000 ಮಿಲಿಸೆಕೆಂಡ್. ಎರಡಕ್ಕಿಂತ ಜಾಸ್ತಿ ಇರುವ ಪ್ರತಿ ನೋಡ್‌ಗೆ 650 ಸೇರುತ್ತದೆ. ಮೂರು ನೋಡ್ ಅಂದರೆ 3650. ಅದರ ಮುಕ್ಕಾಲು ಭಾಗ ಕಳೆದರೂ ಟೋಕನ್ ಬರದಿದ್ದರೆ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬೀಳುತ್ತದೆ: ಟೋಕನ್ 2737 ಮಿಲಿಸೆಕೆಂಡ್‌ನಿಂದ ಬಂದಿಲ್ಲ ಅಂತ. ಆ ರಾತ್ರಿ ನಮ್ಮ ಲಾಗ್‌ನಲ್ಲಿ ಈ 2737 ಪುಟಗಟ್ಟಲೆ ಇತ್ತು. ಹಿಂದಿನ ತಿಂಗಳ ಲಾಗ್ ತೆಗೆದು ನೋಡಿದರೆ ಅಲ್ಲೂ ದಿನಾ ರಾತ್ರಿ ಎರಡರ ಸುಮಾರಿಗೆ ಒಂದೋ ಎರಡೋ ಇದ್ದವು. ನಾನು ನೋಡಿರಲಿಲ್ಲ, ಅಷ್ಟೇ. ನಿಮ್ಮ ಮೂರು ನೋಡ್‌ನ ಕ್ಲಸ್ಟರಿನಲ್ಲಿ ಈಗಲೇ ಜರ್ನಲ್‌ಸಿಟಿಎಲ್ ಮೈನಸ್ ಯು ಕೊರೊಸಿಂಕ್ ಕೊಟ್ಟು 2737 ಹುಡುಕಿ. ಸಿಕ್ಕಿದರೆ ಈ ಕೆಲಸ ಮುಂದಿನ ವಾರಕ್ಕೆ ಇಟ್ಟುಕೊಳ್ಳಬೇಡಿ.

ಕೊರೊಸಿಂಕ್ ತುಂಬಾ ಡೇಟಾ ಕಳಿಸುವುದಿಲ್ಲ. ಅದಕ್ಕೆ ದೊಡ್ಡ ಪೈಪು ಬೇಕಾಗಿಲ್ಲ, ತಡವಾಗದ ಪೈಪು ಬೇಕು. ಮಳೆಗಾಲದಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಸಾಲಾಗಿ ಟ್ಯಾಂಕರ್‌ಗಳು ನಿಂತಿದ್ದರೆ ಬೈಕಿನವನೂ ಅಲ್ಲೇ ನಿಲ್ಲಬೇಕು. ಬೈಕಿಗೆ ಬೇಕಾದ್ದು ಎರಡಡಿ ದಾರಿ, ಅದೂ ಸಿಗುವುದಿಲ್ಲ. ರಸ್ತೆ ನಾಲ್ಕು ಲೇನ್ ಮಾಡಿದರೂ ಟ್ಯಾಂಕರ್‌ಗಳು ನಾಲ್ಕೂ ಲೇನ್ ತುಂಬಿಕೊಂಡರೆ ಕಥೆ ಅದೇ. ಹತ್ತು ಗಿಗಾಬಿಟ್ ಕಾರ್ಡ್ ಹಾಕಿಸಿಬಿಟ್ಟರೆ ಸರಿಹೋಗುತ್ತೆ ಅನ್ನುವವರಿಗೆ ನನ್ನ ಉತ್ತರ ಇದು. ಬ್ಯಾಕಪ್ ಆ ಹತ್ತನ್ನೂ ತಿನ್ನುತ್ತದೆ. ಬೈಕಿಗೆ ಅಂತ ಪಕ್ಕದಲ್ಲಿ ಒಂದು ಕಾಲುದಾರಿ ಮಾಡಿಕೊಡುವುದೇ ಸರಿ. ಹಳೆಯ ಗಿಗಾಬಿಟ್ ಪೋರ್ಟ್ ಧಾರಾಳ ಸಾಕು.

ಇನ್ನು ರೀಬೂಟ್ ಯಾಕೆ ಆಯಿತು ಅಂದರೆ, ಪ್ರತಿ ನೋಡ್‌ಗೆ ಒಂದು ವೋಟು, ಮೂರರಲ್ಲಿ ಎರಡು ವೋಟು ಇದ್ದರೆ ಮಾತ್ರ ಕ್ಲಸ್ಟರಿಗೆ ಕೋರಂ, ಅಂದರೆ ಕೆಲಸ ನಡೆಸಲು ಬೇಕಾದ ಬಹುಮತ. ಎಚ್‌ಎ ವಿಎಂ ಇಟ್ಟುಕೊಂಡಿರುವ ನೋಡ್ ಕೋರಂ ಕಳೆದುಕೊಂಡರೆ ಅದರ ವಾಚ್‌ಡಾಗ್ (ಕಾವಲು ಟೈಮರ್) 60 ಸೆಕೆಂಡ್ ಕಾದು ಮಷೀನನ್ನೇ ರೀಸೆಟ್ ಮಾಡುತ್ತದೆ. ಅದು ಹಾಗೇ ಇರಬೇಕು ಕೂಡ. ಇಲ್ಲದಿದ್ದರೆ ಒಂದೇ ವಿಎಂ ಎರಡು ಕಡೆ ಎದ್ದು ಡಿಸ್ಕ್ ಕುಲಗೆಡಿಸುತ್ತದೆ. ಮೂವರಿಗೂ ಒಬ್ಬರಿಗೊಬ್ಬರು ಕಾಣಿಸದಿದ್ದಾಗ ಮೂವರೂ "ನಾನೇ ಒಂಟಿ" ಅಂದುಕೊಂಡು ರೀಸೆಟ್ ಮಾಡಿಕೊಂಡರು. ಎಚ್‌ಎ ಬಳಸದ ಕ್ಲಸ್ಟರಿನಲ್ಲಿ ರೀಬೂಟ್ ಆಗುವುದಿಲ್ಲ. ಆದರೆ ಕ್ಲಸ್ಟರಿನ ಸೆಟ್ಟಿಂಗ್‌ಗಳಿರುವ ಇಟಿಸಿ ಪಿವಿಇ ಫೋಲ್ಡರ್ ರೀಡ್ ಓನ್ಲಿ ಆಗಿ ವಿಎಂ ಸ್ಟಾರ್ಟ್ ಮಾಡಲೂ ಬರುವುದಿಲ್ಲ.

ಸಾಮಾನು

ಪ್ರತಿ ನೋಡ್‌ನಲ್ಲಿ ಖಾಲಿ ಇರುವ ಒಂದು ಗಿಗಾಬಿಟ್ ಪೋರ್ಟ್, ಒಂದು ಐದು ಪೋರ್ಟಿನ ಸಾದಾ ಸ್ವಿಚ್, ಮೂರು ಕೇಬಲ್. ಮ್ಯಾನೇಜ್ಡ್ ಸ್ವಿಚ್ ಬೇಕಿಲ್ಲ. ಹಳೆಯ ಗೈಡ್‌ಗಳಲ್ಲಿ ಮಲ್ಟಿಕಾಸ್ಟ್, ಐಜಿಎಂಪಿ ಸ್ನೂಪಿಂಗ್ ಅಂತ ಏನೇನೋ ಇರುತ್ತದೆ, ಅದನ್ನು ನೋಡಿ ಹೆದರಬೇಡಿ. 2019ರಲ್ಲಿ ಪ್ರಾಕ್ಸ್‌ಮಾಕ್ಸ್ 6 ಬಂದಾಗ ಕೊರೊಸಿಂಕ್ 3 ಬಂತು, ಅದು ಮಲ್ಟಿಕಾಸ್ಟ್ ಬಿಟ್ಟು ನೇರ ಯೂನಿಕಾಸ್ಟ್‌ನಲ್ಲಿ ಮಾತಾಡುತ್ತದೆ. ಸ್ವಿಚ್ ಹಾಸನದಲ್ಲೇ ಸಿಕ್ಕಿತು. ಕೇಬಲ್ ಮಾತ್ರ ಬೇರೆ ಬಣ್ಣದ್ದೇ ತಗೊಳ್ಳಿ. ನಾನು ಹಳದಿ ತಗೊಂಡೆ. ಆಫೀಸಿನ ನೀಲಿ ಕೇಬಲ್‌ಗಳ ಗೋಜಲಿನಲ್ಲಿ ಹಳದಿ ಅಂದರೆ ಕ್ಲಸ್ಟರ್, ಮುಟ್ಟಬಾರದು ಅಂತ ಎಲ್ಲರಿಗೂ ಗೊತ್ತಾಗಿದೆ.

ಖಾಲಿ ಪೋರ್ಟ್ ಇಲ್ಲದಿದ್ದರೆ ಒಂದು ನೆಟ್‌ವರ್ಕ್ ಕಾರ್ಡ್ ತರಬೇಕು. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರೋಡಿನಿಂದ ತರಿಸಿ. ಒಂದು ಎಚ್ಚರಿಕೆ: ಹೊಸ ಕಾರ್ಡ್ ಕೂರಿಸಿದಾಗ ಕೆಲವು ಮಷೀನಿನಲ್ಲಿ ಹಳೆಯ ಪೋರ್ಟ್‌ಗಳ ಹೆಸರೂ ಬದಲಾಗಿಬಿಡುತ್ತವೆ. ಸರ್ವರ್ ಎದ್ದಿರುತ್ತದೆ, ನೆಟ್‌ವರ್ಕ್ ಇರುವುದಿಲ್ಲ. ಮಾನಿಟರ್, ಕೀಬೋರ್ಡ್ ಪಕ್ಕದಲ್ಲೇ ಇಟ್ಟುಕೊಂಡು ಈ ಕೆಲಸ ಮಾಡಿ, ಮನೆಯಲ್ಲಿ ಕೂತು ರಿಮೋಟ್‌ನಲ್ಲಿ ಬೇಡ.

"ಇರೋ ಸ್ವಿಚ್ಚಲ್ಲೇ ಒಂದು ವಿಲ್ಯಾನ್ ಮಾಡಿದ್ರೆ ಆಗಲ್ವಾ?" ಅಂತ ಕೇಳುವವರು ಸುಮಾರು ಜನ. ವಿಲ್ಯಾನ್ ಅಂದರೆ ಒಂದೇ ಸ್ವಿಚ್ಚನ್ನು ಸೆಟ್ಟಿಂಗ್‌ನಲ್ಲೇ ಬೇರೆ ಬೇರೆ ನೆಟ್‌ವರ್ಕ್ ಆಗಿ ಪಾಲು ಮಾಡುವುದು. ಅದೇ ಕೇಬಲ್ ಮೇಲೆ ಮಾಡಿದರೆ ಆಗುವುದಿಲ್ಲ. ಅದು ಶಿರಾಡಿಯಲ್ಲಿ ಬಿಳಿ ಗೆರೆ ಎಳೆದ ಹಾಗೆ, ಟ್ಯಾಂಕರ್ ಗೆರೆ ನೋಡಿ ಓಡುವುದಿಲ್ಲ. ಬೇರೆ ಪೋರ್ಟ್, ಬೇರೆ ಕೇಬಲ್ ಇದ್ದು ದೊಡ್ಡ ಒಳ್ಳೆಯ ಸ್ವಿಚ್ಚಿನಲ್ಲಿ ವಿಲ್ಯಾನ್ ಮಾಡಿದರೆ ನಡೆಯುತ್ತದೆ. ಆದರೂ ನನಗೆ ಪುಟ್ಟ ಬೇರೆ ಸ್ವಿಚ್ಚೇ ಇಷ್ಟ. ಆಫೀಸಿನ ಸ್ವಿಚ್ಚನ್ನು ಯಾರಾದರೂ ರೀಸ್ಟಾರ್ಟ್ ಮಾಡಿದರೂ ಕ್ಲಸ್ಟರಿಗೆ ಗೊತ್ತೇ ಆಗುವುದಿಲ್ಲ.

ಅಡ್ರೆಸ್ ಕೊಡುವುದು

ಆಫೀಸಿನಲ್ಲಿ 192.168.1 ಸಾಲಿನ ಅಡ್ರೆಸ್ ಇದೆ. ನೋಡ್‌ಗಳು 11, 12, 13. ಕ್ಲಸ್ಟರಿಗೆ 10.77.10 ಸಾಲು ಆರಿಸಿಕೊಂಡೆ. ಕೊನೆಯ ನಂಬರ್ ಅದೇ ಇಟ್ಟೆ: 10.77.10.11, 10.77.10.12, 10.77.10.13. ರಾತ್ರಿ ನಿದ್ದೆಗಣ್ಣಲ್ಲಿ ಲಾಗ್ ಓದುವಾಗ ಯಾವುದು ಯಾವ ಮಷೀನ್ ಅಂತ ಯೋಚನೆ ಮಾಡಬೇಕಾಗಬಾರದು, ಅದಕ್ಕೆ.

ಮೊದಲು ಯಾವ ಪೋರ್ಟ್ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಐಪಿ ಲಿಂಕ್ ಅಂತ ಕೊಟ್ಟರೆ ಪೋರ್ಟ್‌ಗಳ ಹೆಸರು ಬರುತ್ತವೆ. ಆದರೆ ಹಿಂದೆ ಹೋಗಿ ನಿಂತರೆ ಯಾವ ತೂತು ಯಾವ ಹೆಸರಿನದು ಅಂತ ಗೊತ್ತಾಗುವುದಿಲ್ಲ. ಇಥ್‌ಟೂಲ್ ಮೈನಸ್ ಪಿ, ಆಮೇಲೆ ಪೋರ್ಟ್ ಹೆಸರು, ಆಮೇಲೆ 30 ಅಂತ ಕೊಡಿ. ಆ ಪೋರ್ಟಿನ ದೀಪ ಮೂವತ್ತು ಸೆಕೆಂಡ್ ಮಿಣಮಿಣ ಅನ್ನುತ್ತದೆ. ಓಡಿ ಹೋಗಿ ನೋಡಿ, ಹಳದಿ ಕೇಬಲ್ ಚುಚ್ಚಿ, ಪೋರ್ಟಿನ ಪಕ್ಕ ಒಂದು ಚೂರು ಟೇಪ್ ಅಂಟಿಸಿ. ಹೆಚ್ಚಿನ ಕಾರ್ಡ್‌ಗಳಲ್ಲಿ ಇದು ಕೆಲಸ ಮಾಡುತ್ತದೆ. ಮಾಡದಿದ್ದರೆ ಕೇಬಲ್ ಕಿತ್ತು ಹಾಕಿ ಯಾವುದರ ಲಿಂಕ್ ಹೋಯಿತು ಅಂತ ನೋಡುವ ಹಳೇ ದಾರಿಯೇ ಗತಿ.

ಇನ್ನು ವೆಬ್ ಪೇಜಿನಲ್ಲಿ ನೋಡ್ ಆರಿಸಿ, ಸಿಸ್ಟಮ್, ನೆಟ್‌ವರ್ಕ್‌ಗೆ ಹೋಗಿ, ಆ ಪೋರ್ಟನ್ನು ಎಡಿಟ್ ಮಾಡಿ. ಐಪಿವಿ4 ಜಾಗದಲ್ಲಿ 10.77.10.11/24. ಗೇಟ್‌ವೇ ಖಾಲಿ ಬಿಡಿ. ಈ ನೆಟ್‌ವರ್ಕ್ ಹೊರಗೆ ಎಲ್ಲಿಗೂ ಹೋಗುವುದಿಲ್ಲ, ಗೇಟ್‌ವೇ ಯಾಕೆ? ಅಲ್ಲಿ ಏನಾದರೂ ತುಂಬಿಸಿಬಿಟ್ಟರೆ ಇಂಟರ್‌ನೆಟ್ ದಾರಿಯೇ ತಪ್ಪುತ್ತದೆ. ಆಟೋಸ್ಟಾರ್ಟ್ ಟಿಕ್ ಮಾಡಿ. ಬ್ರಿಡ್ಜ್ ಮಾಡಬೇಡಿ, ಈ ನೆಟ್‌ವರ್ಕ್‌ನಲ್ಲಿ ವಿಎಂಗಳಿಗೆ ಕೆಲಸವಿಲ್ಲ. ಕಾಮೆಂಟ್ ಜಾಗದಲ್ಲಿ "ಕ್ಲಸ್ಟರ್ ಮಾತ್ರ" ಅಂತ ಬರೆದಿಡಿ. ಅಪ್ಲೈ ಕಾನ್ಫಿಗರೇಶನ್ ಒತ್ತಿ. ಉಳಿದ ಎರಡು ನೋಡ್‌ಗೂ ಹೀಗೇ. ಎಂಟಿಯು 1500 ಇದ್ದ ಹಾಗೇ ಇರಲಿ, ಜಂಬೋ ಫ್ರೇಮ್‌ನಿಂದ ಇಲ್ಲಿ ಲಾಭವಿಲ್ಲ. ಎರಡು ಪೋರ್ಟ್ ಸೇರಿಸಿ ಬಾಂಡ್ ಮಾಡುವುದೂ ಬೇಡ. ಒಂದು ದಾರಿ ಹೋದರೆ ಇನ್ನೊಂದು ಹಿಡಿಯುವುದು ಕೊರೊಸಿಂಕಿಗೇ ಬರುತ್ತದೆ, ಎಂಟು ಲಿಂಕ್‌ವರೆಗೂ ಕೊಡಬಹುದು.

ಪಿಂಗ್ ಹಾಕಿ, ಆದರೆ ಸುಮ್ನೆ ನಾಲ್ಕು ಸಲ ಅಲ್ಲ

ನಾಲ್ಕು ಪಿಂಗ್ ಬಂತು, ಆಯ್ತು ಅಂತ ಮುಂದೆ ಹೋಗಬೇಡಿ. ಪಿಂಗ್ ಮೈನಸ್ ಸಿ 3000 ಮೈನಸ್ ಐ 0.02, ಆಮೇಲೆ ಎದುರಿನ ನೋಡ್‌ನ 10.77 ಅಡ್ರೆಸ್. ಒಂದು ನಿಮಿಷದಲ್ಲಿ ಮುಗಿಯುತ್ತದೆ. ಕೊನೆಯ ಸಾಲಿನಲ್ಲಿ ಆವರೇಜ್ ನೋಡಬೇಡಿ, ಮ್ಯಾಕ್ಸ್ ನೋಡಿ. ಪ್ರಾಕ್ಸ್‌ಮಾಕ್ಸ್‌ನವರು ಹೇಳುವುದು 5 ಮಿಲಿಸೆಕೆಂಡಿನ ಒಳಗಿರಬೇಕು ಅಂತ. ಒಂದೇ ರೂಮಿನ ಒಂದೇ ಸ್ವಿಚ್ಚಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಬರಬೇಕು. ನಮ್ಮಲ್ಲಿ ಮ್ಯಾಕ್ಸ್ ಅರ್ಧ ಮಿಲಿಸೆಕೆಂಡೂ ದಾಟಲಿಲ್ಲ. ಒಂದೇ ಒಂದು ಪ್ಯಾಕೆಟ್ ಲಾಸ್ ಆದರೂ ಕೇಬಲ್ ಬದಲಿಸಿ.

ಈಗ ಅಸಲಿ ಪರೀಕ್ಷೆ. ಅದೇ ಪಿಂಗ್ ಓಡುತ್ತಿರುವಾಗ ಒಂದು ದೊಡ್ಡ ವಿಎಂನ ಬ್ಯಾಕಪ್ ಕೈಯಾರೆ ಶುರು ಮಾಡಿ. ಒಂದು ಕಿಟಕಿಯಲ್ಲಿ ಆಫೀಸಿನ 192 ಅಡ್ರೆಸ್ಸಿಗೆ ಪಿಂಗ್, ಪಕ್ಕದ ಕಿಟಕಿಯಲ್ಲಿ 10.77ಕ್ಕೆ. ನಾನು ಮಾಡಿದಾಗ ಎಡಗಡೆ ನಂಬರ್‌ಗಳು ಸೊನ್ನೆ ಪಾಯಿಂಟ್ ಮೂರರಿಂದ ಹದಿನೈದಕ್ಕೆ, ನಲವತ್ತಕ್ಕೆ ಹಾರುತ್ತಿದ್ದವು, ನಡುನಡುವೆ ಕಾಣೆಯೂ ಆಗುತ್ತಿದ್ದವು. ಬಲಗಡೆ ಅಲ್ಲಾಡಲಿಲ್ಲ. ನಮ್ಮ ಮ್ಯಾನೇಜರ್ ಸಾಹೇಬರನ್ನು ಕರೆದು ಇದನ್ನೇ ತೋರಿಸಿದೆ. ಸ್ವಿಚ್ಚಿನ ಬಿಲ್ಲು ಅವತ್ತೇ ಪಾಸಾಯಿತು.

ಹೊಸ ಕ್ಲಸ್ಟರ್ ಆದರೆ

ಇದು ಸುಲಭ. ಮೊದಲ ನೋಡ್‌ನಲ್ಲಿ ಡೇಟಾಸೆಂಟರ್, ಕ್ಲಸ್ಟರ್, ಕ್ರಿಯೇಟ್ ಕ್ಲಸ್ಟರ್. ಹೆಸರು ಯೋಚಿಸಿ ಕೊಡಿ, ಆಮೇಲೆ ಬದಲಿಸಲು ಬರುವುದಿಲ್ಲ. ಲಿಂಕ್ 0 ಎದುರಿಗೆ 10.77.10.11 ಆರಿಸಿ. ಆ್ಯಡ್ ಒತ್ತಿ ಲಿಂಕ್ 1 ಸೇರಿಸಿ, ಅದಕ್ಕೆ ಆಫೀಸಿನ 192.168.1.11. ಪುಟ್ಟ ಸ್ವಿಚ್ ಕೈಕೊಟ್ಟರೆ ಮಾತುಕತೆ ಆಫೀಸ್ ಲೈನಿಗೆ ತಾನೇ ಹಾರುತ್ತದೆ. ಪ್ರಯಾರಿಟಿ ಏನೂ ಕೊಡದಿದ್ದರೆ ಕಡಿಮೆ ನಂಬರಿನ ಲಿಂಕಿಗೇ ಮೊದಲ ಮರ್ಯಾದೆ, ಹಾಗಾಗಿ ಹೊಸ ನೆಟ್‌ವರ್ಕ್ 0 ಆಗಿರಲಿ.

ಆಮೇಲೆ ಜಾಯಿನ್ ಇನ್‌ಫರ್ಮೇಶನ್ ಒತ್ತಿ ಕಾಪಿ ಮಾಡಿಕೊಂಡು, ಎರಡನೇ ನೋಡ್‌ನ ಜಾಯಿನ್ ಕ್ಲಸ್ಟರ್‌ನಲ್ಲಿ ಪೇಸ್ಟ್ ಮಾಡಿ, ಮೊದಲ ನೋಡ್‌ನ ರೂಟ್ ಪಾಸ್‌ವರ್ಡ್ ಕೊಟ್ಟು, ಇದರದೇ ಲಿಂಕ್ 0, ಲಿಂಕ್ 1 ಅಡ್ರೆಸ್ ಆರಿಸಿ. ಸೇರುವ ನೋಡ್‌ನಲ್ಲಿ ಒಂದೂ ವಿಎಂ ಇರಬಾರದು. ಜಾಯಿನ್ ಆಗುವಾಗ ಪೇಜ್ ಸತ್ತ ಹಾಗೆ ಆಗುತ್ತದೆ, ಸರ್ಟಿಫಿಕೇಟ್ ಬದಲಾಗುವುದರಿಂದ. ಗಾಬರಿಯಾಗಿ ಇನ್ನೊಮ್ಮೆ ಒತ್ತಬೇಡಿ. ಒಂದು ನಿಮಿಷ ಬಿಟ್ಟು ಪೇಜ್ ರೀಲೋಡ್ ಮಾಡಿ. ಒಂದು ಪೂರ್ತಿ ಸೇರಿದ ಮೇಲೆ ಮುಂದಿನದು.

ಓಡುತ್ತಿರುವ ಕ್ಲಸ್ಟರ್ ಆದರೆ

ನನ್ನದು ಇದು, ಬೆವರು ಬಂದದ್ದೂ ಇಲ್ಲೇ. ವೆಬ್ ಪೇಜಿನಲ್ಲಿ ಲಿಂಕ್ ಬದಲಿಸುವ ಬಟನ್ ಇಲ್ಲ, ಫೈಲನ್ನೇ ತಿದ್ದಬೇಕು. ಅದಕ್ಕೆ ಮುಂಚೆ ಎಚ್‌ಎಯನ್ನು ಮಲಗಿಸಿ, ಇಲ್ಲದಿದ್ದರೆ ಒಂದು ಕಾಗುಣಿತ ತಪ್ಪಿಗೆ ಮೂರೂ ಮಷೀನ್ ಮತ್ತೆ ಬೀಳುತ್ತವೆ. ಮೂರೂ ನೋಡ್‌ನಲ್ಲಿ ಮೊದಲು ಪಿವಿಇ ಎಚ್‌ಎ ಎಲ್‌ಆರ್‌ಎಂ ಸರ್ವಿಸ್ ನಿಲ್ಲಿಸಿ. ಮೂರರಲ್ಲೂ ಅದು ನಿಂತ ಮೇಲೆ ಪಿವಿಇ ಎಚ್‌ಎ ಸಿಆರ್‌ಎಂ ನಿಲ್ಲಿಸಿ. ಈ ಕ್ರಮ ಹಿಂದುಮುಂದು ಮಾಡಬೇಡಿ. ವಿಎಂಗಳು ಓಡುತ್ತಲೇ ಇರುತ್ತವೆ.

ಇಟಿಸಿ ಪಿವಿಇ ಒಳಗೆ ಕೊರೊಸಿಂಕ್ ಡಾಟ್ ಕಾನ್ಫ್ ಅನ್ನುವ ಫೈಲ್ ಇದೆ. ಅದನ್ನು ನೇರವಾಗಿ ತೆರೆದು ತಿದ್ದಲೇಬೇಡಿ. ಆ ಫೋಲ್ಡರ್ ಮೂರೂ ನೋಡ್‌ಗೆ ಒಂದೇ. ನೀವು ಅರ್ಧ ಬರೆದು ಸೇವ್ ಮಾಡಿದ ತಕ್ಷಣ ಆ ಅರ್ಧವೇ ಮೂರೂ ಕಡೆ ಹೋಗಿ ಕೂರುತ್ತದೆ. ಎರಡು ಕಾಪಿ ಮಾಡಿ. ಒಂದು ರೂಟ್ ಫೋಲ್ಡರಿನಲ್ಲಿ ಬ್ಯಾಕಪ್. ಇನ್ನೊಂದು ಅದೇ ಜಾಗದಲ್ಲಿ, ಕೊನೆಗೆ ಡಾಟ್ ನ್ಯೂ ಸೇರಿಸಿ. ತಿದ್ದುವುದು ಈ ಡಾಟ್ ನ್ಯೂ ಫೈಲನ್ನು ಮಾತ್ರ.

ಒಳಗೆ ನೋಡ್‌ಲಿಸ್ಟ್ ಅನ್ನುವ ಭಾಗದಲ್ಲಿ ಪ್ರತಿ ನೋಡ್‌ಗೂ ಒಂದು ಬ್ರಾಕೆಟ್ ಇದೆ, ಅದರಲ್ಲಿ ರಿಂಗ್ 0 ಅಡ್ರೆಸ್ಸಿನ ಸಾಲು ಇದೆ, ಆಫೀಸಿನ ಅಡ್ರೆಸ್ ಅದು. ಅದನ್ನು ಮುಟ್ಟಬೇಡಿ. ಅದರ ಕೆಳಗೇ ಅದೇ ಧಾಟಿಯಲ್ಲಿ ರಿಂಗ್ 1ರ ಸಾಲು ಬರೆದು ಆ ನೋಡ್‌ನ 10.77 ಅಡ್ರೆಸ್ ಕೊಡಿ. ಮೂರೂ ನೋಡ್‌ಗೆ. ಹೋಸ್ಟ್ ಹೆಸರು ಬೇಡ, ಐಪಿಯನ್ನೇ ಬರೆಯಿರಿ. ಆಮೇಲೆ ಟೋಟೆಮ್ ಭಾಗಕ್ಕೆ ಬನ್ನಿ. ಅಲ್ಲಿ ಇಂಟರ್‌ಫೇಸ್ ಅಂತ ಒಂದು ಬ್ರಾಕೆಟ್, ಅದರಲ್ಲಿ ಲಿಂಕ್‌ನಂಬರ್ 0. ಅದರ ಹಾಗೆಯೇ ಇನ್ನೊಂದು ಬರೆದು ಲಿಂಕ್‌ನಂಬರ್ 1 ಮಾಡಿ. ಎರಡರಲ್ಲೂ ಕೆನೆಟ್ ಲಿಂಕ್ ಪ್ರಯಾರಿಟಿ ಅನ್ನುವ ಸಾಲು ಸೇರಿಸಿ (ಪದಗಳ ನಡುವೆ ಅಂಡರ್‌ಸ್ಕೋರ್, ಜಾಗ ಬಿಡಬೇಡಿ): 0ಕ್ಕೆ 10, 1ಕ್ಕೆ 20. ದೊಡ್ಡ ನಂಬರಿನದ್ದೇ ಮೊದಲು. ಅಂದರೆ ಮಾತೆಲ್ಲ ಹೊಸ ದಾರಿಯಲ್ಲಿ, ಹಳೆಯದು ಕೈಗಾವಲಿಗೆ.

ಇನ್ನೊಂದು ಸಾಲು ಉಳಿದಿದೆ, ಜನ ಮರೆಯುವುದು ಅದನ್ನೇ. ಟೋಟೆಮ್‌ನಲ್ಲೇ ಕಾನ್ಫಿಗ್ ವರ್ಶನ್ ಅಂತ ಒಂದು ನಂಬರ್ ಇದೆ. ಅದನ್ನು ಒಂದು ಹೆಚ್ಚಿಸಿ. 3 ಇದ್ದರೆ 4. ಹೆಚ್ಚಿಸದಿದ್ದರೆ ನೀವು ಬರೆದದ್ದು ಹೊಸದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನಾನು ಮರೆತು ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೇನೆ.

ಒಮ್ಮೆ ಮೇಲಿಂದ ಕೆಳಗೆ ಓದಿ. ಬ್ರಾಕೆಟ್ ಎಲ್ಲಾ ಮುಚ್ಚಿದೆಯಾ, 11, 12, 13 ಸರಿಯಾದ ನೋಡ್‌ಗೇ ಹೋಗಿದೆಯಾ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರ ಕೈಲೂ ಓದಿಸಿ. ಆಮೇಲೆ ಡಾಟ್ ನ್ಯೂ ಫೈಲನ್ನು ಎಂವಿ ಮಾಡಿ ಅಸಲಿ ಹೆಸರಿಗೆ ತನ್ನಿ. ಅದೇ ಕ್ಷಣ ಮೂರೂ ಕಡೆ ಹೋಗುತ್ತದೆ. ಲಿಂಕ್ ಸೇರಿಸುವುದು ಸಾಮಾನ್ಯವಾಗಿ ರೀಸ್ಟಾರ್ಟ್ ಇಲ್ಲದೆಯೇ ಹಿಡಿಯುತ್ತದೆ. ಹಿಡಿಯದಿದ್ದರೆ ಒಂದೊಂದೇ ನೋಡ್‌ನಲ್ಲಿ ಕೊರೊಸಿಂಕ್ ರೀಸ್ಟಾರ್ಟ್ ಮಾಡಿ. ಒಂದು ಎದ್ದು ಸೇರಿದ ಮೇಲೆ ಇನ್ನೊಂದು.

ಎಡವಟ್ಟಾಗಿ ಕೋರಂ ಹೋಯಿತು ಅಂದುಕೊಳ್ಳಿ. ಫೋಲ್ಡರ್ ರೀಡ್ ಓನ್ಲಿ, ಫೈಲ್ ತಿದ್ದಲೂ ಆಗುವುದಿಲ್ಲ. ಆಗ ಒಂದೇ ಒಂದು ನೋಡ್‌ನಲ್ಲಿ ಪಿವಿಇಸಿಎಂ ಎಕ್ಸ್‌ಪೆಕ್ಟೆಡ್ 1 ಅಂತ ಕೊಟ್ಟರೆ, ಒಂದೇ ವೋಟು ಸಾಕು ಅಂತ ಅದು ಒಪ್ಪಿಕೊಂಡು ಬರೆಯಲು ಬಿಡುತ್ತದೆ. ಬ್ಯಾಕಪ್ ಫೈಲನ್ನು ವಾಪಸ್ ಹಾಕಿ, ಅದರಲ್ಲೂ ವರ್ಶನ್ ನಂಬರ್ ಈಗಿನದಕ್ಕಿಂತ ದೊಡ್ಡದು ಮಾಡಿ. ಕೊರೊಸಿಂಕ್ ಏಳಲೇ ಇಲ್ಲ ಅಂದರೆ ಪ್ರತಿ ನೋಡ್‌ನ ಇಟಿಸಿ ಕೊರೊಸಿಂಕ್ ಫೋಲ್ಡರಿನಲ್ಲಿ ಅದರದೇ ಒಂದು ಕಾಪಿ ಇರುತ್ತದೆ, ಅಲ್ಲಿ ಸರಿಮಾಡಿ ಎಬ್ಬಿಸಬೇಕು. ಎಕ್ಸ್‌ಪೆಕ್ಟೆಡ್ 1 ಮಾಡಿದ ಹೊತ್ತಿನಲ್ಲಿ ಇನ್ನೊಂದು ನೋಡ್‌ನಲ್ಲಿ ಓಡುತ್ತಿರಬಹುದಾದ ವಿಎಂ ಅನ್ನು ಇಲ್ಲಿ ಸ್ಟಾರ್ಟ್ ಮಾಡಿದಿರೋ, ಡೇಟಾ ಹೋಯಿತು ಅಂತಲೇ ಲೆಕ್ಕ.

ಕೇಬಲ್ ಕಿತ್ತು ನೋಡಿ

ಕೊರೊಸಿಂಕ್ ಹೈಫನ್ ಸಿಎಫ್‌ಜಿಟೂಲ್ ಮೈನಸ್ ಎಸ್ ಕೊಡಿ. ಎರಡೂ ಲಿಂಕ್ ಬರಬೇಕು, ಎರಡರಲ್ಲೂ ಎದುರಿನ ನೋಡ್‌ಗಳ ಮುಂದೆ ಕನೆಕ್ಟೆಡ್ ಅಂತ ಇರಬೇಕು. ಪಿವಿಇಸಿಎಂ ಸ್ಟೇಟಸ್‌ನಲ್ಲಿ ಕೋರೇಟ್ ಅನ್ನುವುದರ ಎದುರಿಗೆ ಯೆಸ್ ಅಂತ ಇರಬೇಕು. ಇಷ್ಟಾದ ಮೇಲೆ, ಎಚ್‌ಎ ಇನ್ನೂ ಮಲಗಿರುವಾಗಲೇ, ಒಂದು ನೋಡ್‌ನ ಹಳದಿ ಕೇಬಲ್ ಕಿತ್ತುಬಿಡಿ. ಲಾಗ್ ಓಡುತ್ತಿರಲಿ. ಲಿಂಕ್ 1 ಡೌನ್, ಬೆಸ್ಟ್ ಲಿಂಕ್ 0 ಅಂತ ಸಾಲು ಬೀಳಬೇಕು, ಕೋರಂ ಹಾಗೇ ಇರಬೇಕು. ವಾಪಸ್ ಚುಚ್ಚಿದರೆ ಮತ್ತೆ ಬೆಸ್ಟ್ ಲಿಂಕ್ 1 ಆಗಬೇಕು. ಮೂರೂ ನೋಡ್‌ಗೆ ಹೀಗೆ ಮಾಡಿ ಆಮೇಲೆ ಎಚ್‌ಎ ಸರ್ವಿಸ್‌ಗಳನ್ನು ಎಬ್ಬಿಸಿ.

ಲೈನ್ ಕಿತ್ತದ್ದು ಲಾಗ್‌ನಲ್ಲಿ ಬಿದ್ದರೂ ಕೋರಂ ಹೋಗುವುದಿಲ್ಲವಾದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹೊಸ ದಾರಿ ಸತ್ತು ತಿಂಗಳಾಗಿದ್ದರೂ ಎಲ್ಲಾ ಚೆನ್ನಾಗಿದೆ ಅನ್ನಿಸುತ್ತದೆ, ನೀವು ಮತ್ತೆ ಟ್ಯಾಂಕರ್ ಹಿಂದೆ ಇರುತ್ತೀರಿ. ನಾನು ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟಿದ್ದೇನೆ, ಸಿಎಫ್‌ಜಿಟೂಲ್ ಔಟ್‌ಪುಟ್‌ನಲ್ಲಿ ಡಿಸ್‌ಕನೆಕ್ಟೆಡ್ ಅಂತ ಕಂಡರೆ ಮೇಲ್ ಬರುತ್ತದೆ.

ಆ ಸ್ಕ್ರಿಪ್ಟ್ ಸುಮ್ನೆ ಹುಟ್ಟಿದ್ದಲ್ಲ. ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗು ಸಮೇತ ಮಳೆ, ಕರೆಂಟ್ ಹೋಯಿತು. ಸರ್ವರ್‌ಗಳು ಯುಪಿಎಸ್ ಮೇಲೆ. ಆಫೀಸಿನ ಸ್ವಿಚ್ಚೂ ಯುಪಿಎಸ್ ಮೇಲೆ. ಹೊಸ ಪುಟ್ಟ ಸ್ವಿಚ್ಚಿನ ಅಡಾಪ್ಟರ್ ಎಲ್ಲಿ? ರ‍್ಯಾಕ್ ಹಿಂದಿನ ಗೋಡೆಯ ಸಾಕೆಟ್‌ನಲ್ಲಿ. ಯುಪಿಎಸ್ ಬೋರ್ಡಿನಲ್ಲಿ ಅವತ್ತು ತೂತು ಖಾಲಿ ಇರಲಿಲ್ಲ, ನಾಳೆ ಬದಲಿಸೋಣ ಅಂತ ಅಲ್ಲಿ ಚುಚ್ಚಿದ್ದೆ. ಜನರೇಟರ್ ಎಬ್ಬಿಸಲು ವಾಚ್‌ಮನ್‌ಗೆ ನಾಲ್ಕು ನಿಮಿಷ ಹಿಡಿಯಿತು. ಎರಡನೇ ಲಿಂಕ್ ಇರದಿದ್ದರೆ ಒಂದು ನಿಮಿಷಕ್ಕೇ ಮೂರೂ ಬೀಳುತ್ತಿದ್ದವು. ಆ ಲಿಂಕ್ ಇತ್ತು, ಬದುಕಿದೆ. ನೀವು ಎದ್ದು ಹೋಗಿ ನಿಮ್ಮ ಸ್ವಿಚ್ಚಿನ ವೈರ್ ಹಿಡಿದುಕೊಂಡು ಅದು ಎಲ್ಲಿಗೆ ಹೋಗುತ್ತದೆ ಅಂತ ಕೊನೆವರೆಗೂ ನೋಡಿಬಿಡಿ.

ಮೈಗ್ರೇಶನ್ ಮರೆಯಬೇಡಿ

ಇಷ್ಟೆಲ್ಲ ಮಾಡಿ ಇದನ್ನು ಬಿಟ್ಟರೆ ಟ್ಯಾಂಕರ್ ಕಾಲುದಾರಿಗೆ ನುಗ್ಗುತ್ತದೆ. ವಿಎಂ ಅನ್ನು ಒಂದು ನೋಡ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಅದರ ಮೆಮೊರಿ ಪೂರ್ತಿ ಲೈನಿನ ಮೇಲೆ ಹೋಗುತ್ತದೆ. ನೀವು ಏನೂ ಹೇಳದಿದ್ದರೆ ಕ್ಲಸ್ಟರ್ ಮಾತಾಡುವ ನೆಟ್‌ವರ್ಕನ್ನೇ ಅದಕ್ಕೂ ಬಳಸುವುದು ರೂಢಿ. ಡೇಟಾಸೆಂಟರ್, ಆಪ್ಶನ್ಸ್, ಮೈಗ್ರೇಶನ್ ಸೆಟ್ಟಿಂಗ್ಸ್‌ನಲ್ಲಿ ಆಫೀಸಿನ ನೆಟ್‌ವರ್ಕ್ ಆರಿಸಿಡಿ. ಸ್ಟೋರೇಜ್‌ಗೆ ಅಂತ ಹತ್ತು ಗಿಗಾಬಿಟ್ ಬೇರೆ ಇದ್ದರೆ ಅದನ್ನು ಆರಿಸಿ. ಸೆಫ್ (ನೋಡ್‌ಗಳ ಡಿಸ್ಕ್‌ಗಳನ್ನೆಲ್ಲ ಸೇರಿಸಿ ಒಂದೇ ಸ್ಟೋರೇಜ್ ಮಾಡುವ ಸಾಫ್ಟ್‌ವೇರ್) ಬಳಸುವವರು ಅದನ್ನೂ ಈ ಪುಟ್ಟ ಸ್ವಿಚ್ಚಿನ ಹತ್ತಿರ ಸುಳಿಯಲು ಬಿಡಬೇಡಿ. ಫೈರ್‌ವಾಲ್ ನೀವೇ ಬೇರೆ ಹಾಕಿಕೊಂಡಿದ್ದರೆ ನೋಡ್‌ಗಳ ನಡುವೆ ಯುಡಿಪಿ 5405ರಿಂದ 5412ರವರೆಗೆ ತೆರೆದಿರಬೇಕು. ಪ್ರಾಕ್ಸ್‌ಮಾಕ್ಸ್‌ನದೇ ಫೈರ್‌ವಾಲ್ ಆದರೆ ಅದು ತಾನೇ ಬಿಡುತ್ತದೆ.

ಚಿಕ್ಕಮಗಳೂರಿನ ಗೆಳೆಯನ ಪ್ರಶ್ನೆ

ನಮ್ಮ ಹುಡುಗ ಒಬ್ಬ ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ಆಫೀಸ್ ಒಂದರ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ಎರಡೇ ನೋಡ್. "ಮಾರಾಯ, ನನ್ನ ಎರಡನ್ನ ನಿನ್ನ ಮೂರಕ್ಕೆ ಸೇರಿಸಿ ಐದರ ಕ್ಲಸ್ಟರ್ ಮಾಡಿಬಿಡೋಣ, ಬೇಲೂರು ದಾಟಿದರೆ ಹಾಸನ ಅಲ್ವಾ" ಅಂದ. ರಸ್ತೆಯಲ್ಲಿ ಅರವತ್ತು ಕಿಲೋಮೀಟರ್ ಸರಿ. ಆದರೆ ಟ್ರೇಸ್‌ರೂಟ್ ಹಾಕಿದರೆ ನಮ್ಮ ಪ್ಯಾಕೆಟ್ ಬೆಂಗಳೂರಿಗೆ ಹೋಗಿ ವಾಪಸ್ ಮಲೆನಾಡು ಹತ್ತುತ್ತದೆ. ಪಿಂಗ್ ಹದಿನೆಂಟು ಮಿಲಿಸೆಕೆಂಡ್, ಮಳೆ ಬಂದ ದಿನ ಎಷ್ಟೋ. ಐದು ನೋಡ್‌ನ ಕ್ಲಸ್ಟರ್ ಇದರ ಮೇಲೆ ನಿಲ್ಲುವುದಿಲ್ಲ. ಬೇಡ ಅಂದೆ.

ಆದರೆ ಅವನ ಕಷ್ಟ ನಿಜವಾದದ್ದು. ಎರಡು ನೋಡ್ ಅಂದರೆ ಎರಡು ವೋಟು, ಒಂದು ಹೋದರೆ ಉಳಿದದ್ದಕ್ಕೆ ಕೋರಂ ಇಲ್ಲ. ಅದಕ್ಕೆ ಮದ್ದು ಕ್ಯೂಡಿವೈಸ್. ಮೂರನೇ ವೋಟು ಹಾಕಲು ಮಾತ್ರ ಇರುವ ಒಂದು ಸಣ್ಣ ಮಷೀನ್, ಅದರಲ್ಲಿ ವಿಎಂ ಓಡುವುದಿಲ್ಲ. ಟೋಕನ್ ಸುತ್ತಿನಲ್ಲಿ ಅದು ಇರುವುದಿಲ್ಲವಾದ್ದರಿಂದ ತಡವಾದರೂ ಸಹಿಸುತ್ತದೆ, ಬೇರೆ ಊರಿನಲ್ಲಿದ್ದರೂ ನಡೆಯುತ್ತದೆ. ನಮ್ಮ ರ‍್ಯಾಕ್‌ನಲ್ಲಿ ಒಂದು ರಾಸ್ಪ್‌ಬೆರಿ ಪೈ ಇಟ್ಟು ಅದರಲ್ಲಿ ಕೊರೊಸಿಂಕ್ ಕ್ಯೂನೆಟ್‌ಡಿ ಹಾಕಿದೆ. ಅವನ ಎರಡೂ ನೋಡ್‌ನಲ್ಲಿ ಕೊರೊಸಿಂಕ್ ಕ್ಯೂಡಿವೈಸ್ ಪ್ಯಾಕೇಜ್ ಹಾಕಿಸಿದೆ. ನಡುವೆ ವಿಪಿಎನ್. ಅವನ ಒಂದು ನೋಡ್‌ನಲ್ಲಿ ಪಿವಿಇಸಿಎಂ ಕ್ಯೂಡಿವೈಸ್ ಸೆಟಪ್, ಮುಂದೆ ಪೈಯ ಅಡ್ರೆಸ್. ಅಷ್ಟೇ. ಪೋರ್ಟ್ ಟಿಸಿಪಿ 5403. ನಮ್ಮ ಮೂರರ ಕ್ಲಸ್ಟರಿಗೆ ಇದು ಬೇಕಿಲ್ಲ, ಬೆಸ ಸಂಖ್ಯೆಯ ನೋಡ್ ಇರುವ ಕಡೆ ಹಾಕದಿರುವುದೇ ಒಳ್ಳೆಯದು.

ಅವನ ಎರಡು ನೋಡ್‌ಗಳ ನಡುವೆ ಸ್ವಿಚ್ಚೂ ಇಲ್ಲ, ಒಂದೇ ಹಳದಿ ಕೇಬಲ್, ಈ ಪೋರ್ಟಿನಿಂದ ಆ ಪೋರ್ಟಿಗೆ ನೇರ. ಎರಡೇ ಇದ್ದಾಗ ಅದು ಸಾಕು, ಕೆಡಲು ಅಡಾಪ್ಟರೂ ಇಲ್ಲ. ಲಿಂಕ್ 1 ಆಫೀಸ್ ಲೈನ್. ಮೂರನೇ ವೋಟು ಮಾತ್ರ ನಮ್ಮ ರ‍್ಯಾಕ್‌ನಲ್ಲಿ, ಯುಪಿಎಸ್ ಬೋರ್ಡಿಗೆ ಚುಚ್ಚಿಕೊಂಡು ಕೂತಿದೆ. ಬೋರ್ಡಿನಲ್ಲಿ ಈಗಲೂ ತೂತು ಖಾಲಿ ಇರಲಿಲ್ಲ. ನನ್ನ ಮೊಬೈಲ್ ಚಾರ್ಜರ್ ಕಿತ್ತೆ.